ಕೆಳಸಾಲಿನ ಎರಡು ಹಲ್ಲು

ಏಪ್ರಿಲ್ 3, ಸೋಮವಾರ

ಇವತ್ತು ಒಂದು ಬಿಳಿ ಅಂಗಿಯ ಕಾಲರಿನ ಮೇಲೆ ರಕ್ತದ ಚುಕ್ಕೆ ಕಂಡಿತು. ಸಾಸಿವೆ ಕಾಳಿನಷ್ಟೇ, ಆದರೆ ಶಾಲೆಯ ಯೂನಿಫಾರಂ ಅಂಗಿ. ಶಾಲೆ ತೆರೆಯುವ ಮೊದಲು ಇಂಥ ಆರುನೂರು ಅಂಗಿ ಹೊಲಿದು ಕೊಡಬೇಕು. ಎಲ್ಲ ಮೆಷಿನ್ ನಿಲ್ಲಿಸಿದೆ. ಹತ್ತೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬೆರಳು ತೋರಿಸಿ ಎಂದೆ. ಯಾರ ಬೆರಳಿಗೂ ಸೂಜಿ ಚುಚ್ಚಿರಲಿಲ್ಲ.

ಆದರೂ ಕಾಜಾ ಅಕ್ಕನನ್ನು ಬಿಡಲಿಲ್ಲ. ಗುಂಡಿಯ ತೂತಿಗೆ ಕಾಜಾ ಹಾಕುವವಳು ಅವಳು, ಅದಕ್ಕೇ ಆ ಹೆಸರು. ಅಂಗಿ ಕೊನೆಗೆ ಹೋಗುವುದು ಅವಳ ಕೈಗೆ.

"ಕೈ ನೋಡಿದ್ರಲ್ಲ ದೊಡ್ಡಮ್ಮ, ಎಲ್ಲಿದೆ ರಕ್ತ?"

"ಮತ್ತೆ ಅಂಗಿ ತಾನಾಗೇ ರಕ್ತ ಕಕ್ಕಿತಾ?"

ಅವಳು ತಲೆ ತಗ್ಗಿಸಿ ಕುಳಿತಳು. ನಾನು ನನ್ನ ಮೆಷಿನ್ನಿಗೆ ಬಂದು, ಮುಂದಿನ ಕಾಲರು ಮುಗಿಸಿ, ಎಂದಿನಂತೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದೆ. ಮೂವತ್ತೈದು ವರ್ಷದಿಂದ ದಾರಕ್ಕೆ ಕತ್ತರಿ ಹಿಡಿದವಳಲ್ಲ ನಾನು. ಕಚ್ಚಿದ ದಾರದ ತುದಿ ಕೆಂಪಗಿತ್ತು.

ಅಳತೆ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕೆಳಸಾಲಿನ ಮುಂದಿನ ಎರಡು ಹಲ್ಲಿನ ಬುಡದಲ್ಲಿ ರಕ್ತ ಜಿನುಗುತ್ತಿತ್ತು.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಅರವತ್ತೆರಡು ವರ್ಷವಾದರೂ ಬಾಯಲ್ಲಿರುವುದೆಲ್ಲ ಸ್ವಂತ ಹಲ್ಲು ನನ್ನವು. ನಮ್ಮ ಮನೆಯವರ ಹಲ್ಲಿನ ಸೆಟ್ಟು ನಾಲ್ಕು ವರ್ಷದಿಂದ ಬಟ್ಟಲಿನ ನೀರಿನಲ್ಲಿದೆ. "ಇವರ ಹಲ್ಲು ಬಟ್ಟಲಲ್ಲಿ, ನನ್ನ ಹಲ್ಲು ಬಾಯಲ್ಲಿ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಕ್ಕವಳು ನಾನು.

ಏಪ್ರಿಲ್ 5, ಬುಧವಾರ

ಕೊಳೆ ಇರಬೇಕು ಎಂದುಕೊಂಡು ಎರಡು ದಿನ ಚೆನ್ನಾಗಿ ಉಜ್ಜಿದೆ. ಬಾಣಲೆಯ ತಳ ಉಜ್ಜಿದ ಹಾಗೆ, ಗಟ್ಟಿ ಬ್ರಷ್ಷಿನಲ್ಲಿ, ಅಡ್ಡಡ್ಡ. ರಕ್ತ ಹೆಚ್ಚಾಯಿತು. ಇವತ್ತು ನಾಲಿಗೆಯಿಂದ ತಳ್ಳಿ ನೋಡಿದರೆ ಎರಡೂ ಹಲ್ಲು ಅಲ್ಲಾಡುತ್ತಿವೆ.

ಊಟದ ಹೊತ್ತಿಗೆ ಸೊಸೆ ಅಂದಳು, "ಅತ್ತೆ, ನೀವು ಒಂದೇ ಕಡೆ ಅಗೀತಿದ್ದೀರಿ."

"ಬಾಯಿ ನೋಡೋ ಕೆಲಸ ಅಲ್ಲೇ ಮುಗಿಸಿಕೊಂಡು ಬಾ. ಊಟದ ಮೇಜಿಗೆ ತರಬೇಡ" ಅಂದೆ.

ಸೊಸೆಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರಲ್ಲ, ಹಲ್ಲು ಕ್ಲೀನ್ ಮಾಡುವವಳು. ಮದುವೆಯ ಮಾತುಕತೆಯಲ್ಲೇ ಹೇಳಿದ್ದೆ: ಊರವರ ಬಾಯಿಗೆ ಕೈ ಹಾಕುವ ಕೆಲಸ ಬೇಡ, ನಮ್ಮಲ್ಲಿ ಹತ್ತು ಮೆಷಿನ್ ಇವೆ ಎಂದು. ಅವಳು ಬಿಡಲಿಲ್ಲ. ಎರಡು ವರ್ಷವಾಯಿತು. ನಮ್ಮಿಬ್ಬರ ಮಧ್ಯೆ ಎಷ್ಟು ಬೇಕೋ ಅಷ್ಟೇ ಮಾತು.

ಏಪ್ರಿಲ್ 7, ಶುಕ್ರವಾರ

ಹಲ್ಲು ಕಚ್ಚಿಕೊಂಡು ಸುಮ್ಮನಿರೋಣ ಎಂದರೆ, ಅಲ್ಲಾಡುತ್ತಿರುವುದೇ ಅದು.

ನಾಳೆ ಹೋಗಿಬಿಡುತ್ತೇನೆ. ಸೊಸೆಯ ಆಸ್ಪತ್ರೆಗಲ್ಲ, ಅಂಚೆ ಕಚೇರಿಯ ಹಿಂದಿನ ಇನ್ನೊಂದಕ್ಕೆ.

ಏಪ್ರಿಲ್ 8, ಶನಿವಾರ

ನನ್ನಂಥ ಪೆದ್ದಿ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ. ಶನಿವಾರ ಸೊಸೆ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾಳೆ ಎಂದು, ನಮ್ಮಲ್ಲಿ ಬಟ್ಟೆ ಕತ್ತರಿಸುವ ಮಗ ಹೇಳಿದ್ದ. ಆ ಬೇರೆ ಕಡೆ ಎಲ್ಲಿ ಎಂದು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಕುರ್ಚಿಯಲ್ಲಿ ಮಲಗಿಸಿದ್ದರು. ಬಾಗಿಲು ತೆರೆದು ಮುಖಕ್ಕೆ ಮಾಸ್ಕ್ ಹಾಕಿಕೊಂಡ ಒಬ್ಬ ಹುಡುಗಿ ತಟ್ಟೆ ಹಿಡಿದು ಬಂದಳು. ತಟ್ಟೆ ಗಡಗಡ ಎಂದಿತು.

"ಅತ್ತೆ?"

"ಯಾರಮ್ಮ ಅತ್ತೆ? ನಾನು ಪೇಷಂಟು" ಅಂದೆ.

ಅವಳು ತಟ್ಟೆ ಕೆಳಗಿಟ್ಟಳು. ಆಮೇಲೆ, "ಸರಿ. ಪೇಷಂಟೇ, ಬಾಯಿ ಬಿಡಿ" ಅಂದಳು. ಪೊಗರು ನೋಡು.

ಡಾಕ್ಟರಮ್ಮ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ಮಧ್ಯೆ ಇಳಿಸಿ ಎಷ್ಟು ಆಳ ಎಂದು ಮಿಲಿಮೀಟರಿನಲ್ಲಿ ಅಳತೆ ಕೂಗುತ್ತಾ ಹೋದರು, ಸೊಸೆ ಬರೆದುಕೊಂಡಳು. ಎರಡು, ಮೂರು, ಮೂರು, ನಾಲ್ಕು. ಕೆಳಗಿನ ಮುಂದಿನ ಹಲ್ಲಿಗೆ ಬಂದಾಗ ಆರು. ಅದರ ಪಕ್ಕದ್ದು ಏಳು. ಅಳತೆ ಹಾಳಾಗಿದೆ ಎಂಬುದು ಕೂಗುವವರ ದನಿಯಲ್ಲೇ ನನಗೆ ಗೊತ್ತಾಗುತ್ತದೆ. ಮೂವತ್ತೈದು ವರ್ಷ ಅದೇ ಕೆಲಸ.

"ಹಲ್ಲು ಗಟ್ಟಿಯಾಗೇ ಇದೆಯಮ್ಮ. ಅದನ್ನು ಹಿಡ್ಕೊಂಡಿರೋ ವಸಡು ಬಿಟ್ಟುಕೊಂಡಿದೆ. ಒಳಗೆ ಮೂಳೆನೂ ಸ್ವಲ್ಪ ಸವೆದಿದೆ."

"ಹೊಲಿಗೆ ಬಿಟ್ಟಿದೆ ಅನ್ನಿ."

"ಹಾಗೇ ಅಂದ್ಕೊಳ್ಳಿ."

"ಮತ್ತೆ ಹೊಲಿದುಬಿಡಿ."

ಡಾಕ್ಟರಮ್ಮ ನಕ್ಕರು. "ಕೊಳೆ, ಕಿಟ್ಟ ನಾವು ತೆಗೀತೀವಿ. ವಸಡು ಮತ್ತೆ ಬಿಗಿಯಾಗಬೇಕಾದ್ರೆ ದಿನಾ ಶುಚಿಯಾಗಿಟ್ಕೊಳ್ಳೋದು ನಿಮ್ಮ ಕೈಲಿದೆ. ಎಂಟು ವಾರ ಬಿಟ್ಟು, ಜೂನ್ ಮೂರಕ್ಕೆ ಮತ್ತೆ ಅಳೀತೀನಿ. ಅಳತೆ ಇಳಿದಿದ್ರೆ ಹಲ್ಲು ಉಳಿಯುತ್ತೆ. ಇಲ್ಲದಿದ್ರೆ ಎರಡನ್ನೂ ತೆಗೀಬೇಕಾಗುತ್ತೆ."

ಹೊರಗೆ ಬಂದು ಸೊಸೆಗೆ ಹೇಳಿದೆ, "ಮನೇಲಿ ಬಾಯಿ ಬಿಟ್ಟೀಯ, ಜೋಕೆ."

"ಪೇಷಂಟ್ ವಿಷಯ ಹೊರಗೆ ಹೇಳೋ ಹಾಗಿಲ್ಲ ಅತ್ತೆ. ಅದು ನಮ್ಮ ಕೆಲಸದ ನಿಯಮ."

ಅಂಥ ನಿಯಮವೂ ಇದೆಯಂತೆ ಅಲ್ಲಿ. ಇರಲಿ. ಎಂಟು ವಾರ ಎಂದರೆ ಐವತ್ತಾರು ದಿನ. ಗಡುವು ಎಂದರೆ ನನಗೆ ಮೈಯೆಲ್ಲ ಚುರುಕಾಗುತ್ತದೆ. ಇದುವರೆಗೆ ಒಂದೇ ಒಂದು ಗಡುವನ್ನೂ ತಪ್ಪಿಸಿದವಳಲ್ಲ ನಾನು.

ಏಪ್ರಿಲ್ 9, ಭಾನುವಾರ

ಉಜ್ಜಬಾರದಂತೆ! ಹುಟ್ಟಿದಾಗಿನಿಂದ ಎಲ್ಲರೂ ಹಲ್ಲುಜ್ಜು, ಹಲ್ಲುಜ್ಜು ಎಂದೇ ಹೇಳಿದ್ದು, ಈಗ ನೋಡಿದರೆ ಆ ಮಾತೇ ತಪ್ಪಂತೆ.

ಬೆಳಿಗ್ಗೆ ಸೊಸೆ ಮೆತ್ತನೆಯ ಬ್ರಷ್ ತಂದು ಬೇಸಿನ್ ಹತ್ತಿರ ನಿಂತಳು. "ಮೊದಲು ಉಜ್ಜೋದು ಅನ್ನೋ ಪದ ಮರೆತುಬಿಡಿ. ಸವರೋದು. ಬ್ರಷ್ಷನ್ನ ವಸಡಿನ ಅಂಚಿಗೆ ಓರೆಯಾಗಿ ಹಿಡೀರಿ. ಬುಡದಿಂದ ತುದಿಗೆ. ಹೊಲಿದಾದ ಮೇಲೆ ಅಂಗಿ ಮೇಲಿನ ದಾರದ ಎಳೆ ಬೆರಳಲ್ಲಿ ತೆಗೀತೀರಲ್ಲ, ಅಷ್ಟೇ ಭಾರ."

ಅವಳು ಅದನ್ನು ಯಾವಾಗ ನೋಡಿದಳೋ. ವರ್ಕ್‌ಶಾಪಿಗೆ ಇಳಿದು ಬರುವವಳೇ ಅಲ್ಲ.

ಎರಡು ನಿಮಿಷ ಮಾಡಬೇಕು. ಒಂದು ತೋಳು ಕೂಡಿಸುವಷ್ಟು ಹೊತ್ತು. ಇಷ್ಟು ವರ್ಷ ನಾನು ಅರ್ಧ ನಿಮಿಷವೂ ಮಾಡುತ್ತಿರಲಿಲ್ಲ ಎಂದು ಇವತ್ತು ಗಡಿಯಾರ ಇಟ್ಟ ಮೇಲೆ ತಿಳಿಯಿತು. ರಕ್ತ ಬಂತು. ನಿಲ್ಲಿಸಿದೆ.

"ನಿಲ್ಲಿಸಬೇಡಿ ಅತ್ತೆ. ರಕ್ತ ಬರೋ ಜಾಗಾನೇ ನಿಮ್ಮನ್ನ ಕರೀತಿರೋದು."

ಏಪ್ರಿಲ್ 12, ಬುಧವಾರ

ಕಿಟ್ಟ ತೆಗೆದಿದ್ದಾಯಿತು. ತೆಗೆದವಳು ಸೊಸೆಯೇ, ಇದಕ್ಕೆಂದೇ ತನ್ನ ಆಸ್ಪತ್ರೆಗೆ ರಜೆ ಹಾಕಿ ಬಂದಿದ್ದಳು. ಮುಕ್ಕಾಲು ಗಂಟೆ ಬಾಯಿ ತೆರೆದು ಮಲಗಿದ್ದೆ, ಒಂದು ಮಾತೂ ಆಡಲಾಗದೆ. ನಾನು ಮುಕ್ಕಾಲು ಗಂಟೆ ಸುಮ್ಮನಿದ್ದದ್ದನ್ನು ಅವಳು ಬಿಟ್ಟರೆ ಬೇರೆ ಯಾರೂ ನೋಡಿಲ್ಲ.

ಎದ್ದು ನಾಲಿಗೆ ಆಡಿಸಿದರೆ ಹಲ್ಲಿನ ಮಧ್ಯೆ ಕಿಂಡಿ! "ಕೆರೆದು ಕೆರೆದು ನನ್ನ ಹಲ್ಲನ್ನೇ ತೆಗೆದ್ಯಲ್ಲೇ!" ಎಂದು ಕೂಗಿದೆ.

"ಆ ಸಂದಿ ಮೊದಲೇ ಇತ್ತು ಅತ್ತೆ. ಕಿಟ್ಟ ತುಂಬಿತ್ತು, ನಿಮಗೆ ಗೊತ್ತಾಗ್ತಿರಲಿಲ್ಲ." ತಟ್ಟೆಯಲ್ಲಿದ್ದ ಹಳದಿ ಚೂರುಗಳನ್ನು ತೋರಿಸಿದಳು. ಛೀ. ಇದನ್ನು ಬಾಯಲ್ಲಿಟ್ಟುಕೊಂಡು ಊರಿಗೆಲ್ಲ ಶುಚಿಯ ಪಾಠ ಹೇಳುತ್ತಿದ್ದೆ.

"ನಾಳೆಯಿಂದ ಸಂದಿಗೆ ದಿನಾ ಒಂದು ಸಲ ದಾರ ಹಾಕಿ ತೆಗೀಬೇಕು. ಸಂಜೆ ತರ್ತೀನಿ" ಎಂದಳು.

ದಾರ ತರುತ್ತಾಳಂತೆ. ಈ ಮನೆಗೆ!

ಏಪ್ರಿಲ್ 13, ಗುರುವಾರ

ಇದನ್ನು ಬರೆಯಲೇಬೇಕು.

ದಾರ ತಾನೇ ಎಂದು ಬೆಳಿಗ್ಗೆ ಗುಂಡಿ ಹೊಲಿಯುವ ಗಟ್ಟಿ ದಾರದ ಉಂಡೆಯಿಂದ ಒಂದು ಮೊಳ ಕಿತ್ತು, ಎರಡೂ ಕೈಗೆ ಸುತ್ತಿ, ಆ ಎರಡು ಹಲ್ಲಿನ ಮಧ್ಯೆ ಇಳಿಸಿ ಗರಗಸ ಎಳೆದ ಹಾಗೆ ಎಳೆದೆ. ಆ ದಾರದಲ್ಲಿ ಹೊಲಿದ ಕೋಟಿನ ಗುಂಡಿ ಜಗ್ಗಿದರೂ ಬರುವುದಿಲ್ಲ. ವಸಡು ಸೀಳಿತು. ಬೇಸಿನ್ ಎಲ್ಲ ಕೆಂಪು. ಮುಗಿಯಿತು, ಐದನೆಯ ದಿನಕ್ಕೇ ಎರಡನ್ನೂ ನಾನೇ ಕಿತ್ತುಕೊಂಡೆ ಎಂದುಕೊಂಡೆ.

ಬಾಯಿಂದ ಬಂದದ್ದು ಸೊಸೆಯ ಹೆಸರು. ಓಡಿ ಬಂದಳು. ಬಟ್ಟೆ ಒತ್ತಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. "ಸ್ವಲ್ಪ ಗಾಯ ಅಷ್ಟೇ. ಹಲ್ಲಿಗೇನೂ ಆಗಿಲ್ಲ. ಏನು ದಾರ ಇದು?"

ತೋರಿಸಿದೆ. ಅವಳ ತುಟಿ ಅದುರಿತು. ತಡೆದುಕೊಂಡಳು. ತಡೆಯಲಾಗಲಿಲ್ಲ. ಬಾತ್‌ರೂಮಿನ ಗೋಡೆಗೆ ಒರಗಿ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು.

"ನಗು, ನಗು" ಎಂದೆ. ಬಾಯಲ್ಲಿ ಬಟ್ಟೆ ಇದ್ದದ್ದರಿಂದ ಅದು ಬೇರೇನೋ ಕೇಳಿಸಿ ಅವಳು ಇನ್ನಷ್ಟು ನಕ್ಕಳು.

ಬಾಗಿಲಲ್ಲಿ ಇವರು. ಎಲ್ಲ ನೋಡಿದರು. "ಏನೇ, ನಿನಗೂ ಒಂದು ಬಟ್ಟಲು ತೊಳೆದಿಡ್ಲಾ?"

ಹೀಗೆ ಮನೆಗೆಲ್ಲ ಗೊತ್ತಾಯಿತು. ಅವಳು ಹೇಳಿದ್ದಲ್ಲ, ನಾನೇ.

ಏಪ್ರಿಲ್ 17, ಸೋಮವಾರ

ಗಾಯ ಮಾಯಿತು. ಹಲ್ಲಿನ ದಾರ ಬೇರೆಯೇ ಜಾತಿ. ಮೇಣ ಸವರಿದ್ದು, ನುಣುಪು, ರಿಬ್ಬನ್ನಿನ ಹಾಗೆ ಚಪ್ಪಟೆ. ಎಳೆಯಬಾರದು. ಮೆಲ್ಲಗೆ ಇಳಿಸಿ, ಒಂದು ಹಲ್ಲನ್ನು ತಬ್ಬಿಸಿ ಮೇಲಕ್ಕೆ ತರಬೇಕು. ಆಮೇಲೆ ಪಕ್ಕದ ಹಲ್ಲನ್ನು. ಎರಡನೆಯ ಸಲಕ್ಕೇ ಕೈಗೆ ಹತ್ತಿತು.

"ಆರು ವರ್ಷದಿಂದ ಕಲಿಸ್ತಿದ್ದೀನಿ, ಇಷ್ಟು ಬೇಗ ಕಲಿತವರನ್ನ ನೋಡಿಲ್ಲ" ಎಂದಳು ಸೊಸೆ.

"ನನ್ನ ಕೈಗೆ ದಾರ ಹೊಸದೇನೇ?" ಎಂದೆ. ಆದರೆ ಮಧ್ಯಾಹ್ನದವರೆಗೆ ಆ ಮಾತು ಕಿವಿಯಲ್ಲೇ ಇತ್ತು. ಅಂಗಿಗಳೂ ಸರಸರ ಮುಗಿದವು.

ಏಪ್ರಿಲ್ 23, ಭಾನುವಾರ

ಸವರುವಾಗ ವಸಡಿನಲ್ಲಿ ರಕ್ತ ಬರುವ ಜಾಗ ಮೊದಲ ದಿನ ಇಪ್ಪತ್ತೆರಡು. ಇವತ್ತು ಹದಿನಾಲ್ಕು! ಎಣಿಸಿದ್ದು ನಮ್ಮ ಸೊಸೆ ಹುಡುಗಿ, ನಾನು ಕನ್ನಡಿ ಹಿಡಿದಿದ್ದೆ.

ನನಗೊಬ್ಬಳಿಗೇ ಮಾಡಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ನಿನ್ನೆಯಿಂದ ವರ್ಕ್‌ಶಾಪಿನಲ್ಲಿ ಯಾರೂ ಹಲ್ಲಿನಿಂದ ದಾರ ತುಂಡರಿಸುವಂತಿಲ್ಲ. ಪ್ರತಿ ಮೆಷಿನ್ನಿಗೂ ಒಂದೊಂದು ಸಣ್ಣ ಕತ್ತರಿ ಕಟ್ಟಿಸಿದೆ. ಸೂಜಿ, ಗುಂಡುಪಿನ್ನು ಬಾಯಲ್ಲಿಟ್ಟುಕೊಳ್ಳುವಂತಿಲ್ಲ. ದಿನವಿಡೀ ಗುಟುಕು ಗುಟುಕಾಗಿ ಸಿಹಿ ಟೀ ಹೀರುವಂತಿಲ್ಲ. ಕುಡಿಯುವುದಾದರೆ ಒಂದೇ ಸಲ ಕುಡಿದು, ಬಾಯಿಗೆ ನೀರು ಹಾಕಿ ಮುಕ್ಕಳಿಸುವುದು. ಎಲ್ಲರ ಡ್ರಾಯರಿನಿಂದಲೂ ಪೆಪ್ಪರ್‌ಮಿಂಟ್ ಜಪ್ತಿ ಮಾಡಿದೆ. ಕಾಜಾ ಅಕ್ಕನ ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬ ಇತ್ತು.

"ಬಾಯಿಗೂ ಬೀಗ ಹಾಕಿಬಿಡಿ ದೊಡ್ಡಮ್ಮ" ಎಂದಳು.

ಮೇ 2, ಮಂಗಳವಾರ

ಒಂಬತ್ತು! ಒಂಬತ್ತೇ ಜಾಗ!

ವಸಡಿನ ಬಣ್ಣ ಬದಲಾಗಿದೆ. ಮೊದಲು ಕಂದುಗೆಂಪು, ಉಬ್ಬು. ಈಗ ತಿಳಿಗುಲಾಬಿ. ಹಲ್ಲುಗಳು ಇನ್ನೂ ಅಲ್ಲಾಡುತ್ತಿವೆ. ದಿನಕ್ಕೆ ನೂರು ಸಲ ನಾಲಿಗೆ ಹಾಕಿ ನೋಡಬೇಡಿ ಎಂದು ಹುಡುಗಿ ಗದರಿಸಿದಳು. ನನ್ನನ್ನು!

ಮೇ 10, ಬುಧವಾರ

ಬಿದ್ದು ಬಿದ್ದು ನಕ್ಕು ಪಕ್ಕೆ ನೋಯುತ್ತಿದೆ.

ಹುಡುಗಿ ಒಂದು ಥರದ ಗುಳಿಗೆ ತಂದಿದ್ದಳು. ಅಗಿದರೆ ಹಲ್ಲಿನ ಮೇಲೆ ಕೊಳೆ ಉಳಿದ ಕಡೆಯೆಲ್ಲ ಕೆಂಪು ಬಣ್ಣ ಕೂರುತ್ತದೆ. ಮಧ್ಯಾಹ್ನ ಊಟಕ್ಕೆ ಬಂದವಳನ್ನು ವರ್ಕ್‌ಶಾಪಿಗೆ ಕರೆದು, ಎಲ್ಲರಿಗೂ ಒಂದೊಂದು ಹಂಚಿದೆ. ಯಾರು ಎಷ್ಟು ಶುಚಿ, ಇವತ್ತು ನೋಡೇಬಿಡೋಣ ಎಂದೆ. ಅಗಿದು, ನೀರು ಮುಕ್ಕಳಿಸಿ, "ಈ" ಎಂದು ಎಲ್ಲರೂ ಹಲ್ಲು ಕಿರಿದು ನಿಂತೆವು. ಎಲ್ಲರಿಗಿಂತ ಕೆಂಪು ಯಾರದು? ನನ್ನದು! ಹಿಂದಿನ ದವಡೆ ಹಲ್ಲುಗಳು ಮದುವೆ ಮನೆಯ ಶಾಮಿಯಾನದ ಹಾಗೆ ಕೆಂಪಾಗಿದ್ದವು. ಮುಂದಿನ ಎರಡರ ಮೇಲೇ ಕಣ್ಣಿಟ್ಟು ಹಿಂದಿನವನ್ನು ಮರೆತಿದ್ದೆ.

ಅದೇ ಹೊತ್ತಿಗೆ ಶಾಲೆಯ ಹೆಡ್‌ಮಿಸ್ಟ್ರೆಸ್ ಅಂಗಿಯ ಸ್ಯಾಂಪಲ್ ನೋಡಲು ಒಳಗೆ ಬಂದರು. ಹನ್ನೊಂದು ಹೆಂಗಸರು, ಹನ್ನೊಂದು ಕೆಂಪು ಬಾಯಿ, ಹತ್ತಾರು ಕತ್ತರಿ. ಅವರು ಹಾಗೇ ಹಿಂದಕ್ಕೆ ಹೆಜ್ಜೆ ಇಟ್ಟರು.

"ಏನ್ರೀ ಇದು, ಯಾರನ್ನ ತಿಂದ್ರಿ?"

ಮೊದಲು ನಕ್ಕವಳು ನಾನೇ. ಆಮೇಲೆ ನಿಲ್ಲಲೇ ಇಲ್ಲ. ಹುಡುಗಿ ಅವರಿಗೆ ವಿವರಿಸಿದಳು, ಎಷ್ಟು ಚೆನ್ನಾಗಿ ವಿವರಿಸಿದಳು! ಅವರೂ ಒಂದು ಗುಳಿಗೆ ಅಗಿದರು. ಶಾಲೆ ತೆರೆದ ಮೇಲೆ ಬಂದು ಮಕ್ಕಳಿಗೆ ತೋರಿಸಿಕೊಡಬೇಕು ಎಂದು ಅವಳನ್ನು ಕೇಳಿಕೊಂಡು ಹೋದರು.

ನಕ್ಕ ಸಲಿಗೆಯಲ್ಲಿ ಕಾಜಾ ಅಕ್ಕನಿಗೆ ಹೇಳಿಬಿಟ್ಟೆ. "ಅವತ್ತು ಕಾಲರಿಗೆ ಬಿದ್ದದ್ದು ನನ್ನ ಬಾಯಿ ರಕ್ತ ಕಣೇ. ನಿನ್ನ ಮೇಲೆ ಹಾಕಿದೆ."

"ನಮಗೆಲ್ಲ ಅವತ್ತೇ ಗೊತ್ತಿತ್ತು, ಬಿಡಿ ದೊಡ್ಡಮ್ಮ. ನೀವು ಬೈತಿದ್ದಾಗ ನಿಮ್ಮ ಹಲ್ಲೆಲ್ಲ ಕೆಂಪಗಿತ್ತು."

ಎಲ್ಲರಿಗೂ ಗೊತ್ತಿತ್ತಂತೆ. ಯಾರೂ ಒಂದು ಮಾತು ಆಡಲಿಲ್ಲ. ಯಾಕೆ ಎಂದು ಕೇಳಲು ಹೊರಟವಳು ಸುಮ್ಮನಾದೆ.

ಮೇ 22, ಸೋಮವಾರ

ಗಡಿಬಿಡಿ. ಇನ್ನೂರು ಅಂಗಿ ಬಾಕಿ. ತಲೆ ತಗ್ಗಿಸಿ ಹೊಲಿಯುತ್ತಿದ್ದವಳು ನನಗೇ ತಿಳಿಯದೆ ದಾರವನ್ನು ಬಾಯಿಗೆ ಒಯ್ದೆ. "ದೊಡ್ಡಮ್ಮಾ, ಕತ್ತರಿ!" ಎಂದು ಹತ್ತು ಜನವೂ ಒಟ್ಟಿಗೆ ಕಿರುಚಿದರು. ದಾರ ಬಿಟ್ಟುಬಿಟ್ಟೆ. ಇವರಿಗೆಲ್ಲ ಬಾಯಿ ಬಂದದ್ದು ಯಾವಾಗಿನಿಂದ?

ರಕ್ತದ ಜಾಗ ಮೂರು.

ಮೇ 31, ಬುಧವಾರ

ಆರುನೂರು ಅಂಗಿಯೂ ಹೋದವು, ಗಡುವಿಗೆ ಒಂದು ದಿನ ಮುಂಚೆ. ಅದೊಂದು ಮುಗಿಯಿತು. ಇನ್ನೊಂದಕ್ಕೆ ಮೂರು ದಿನ.

ಜೂನ್ 2, ಶುಕ್ರವಾರ

ಸುಮ್ಮನೆ ಕೂತರೆ ನಾಲಿಗೆ ಅಲ್ಲಿಗೇ ಹೋಗುತ್ತದೆ. ಅಲ್ಲಾಡುವುದು ಕಡಿಮೆಯಾದಂತಿದೆ. ನನ್ನ ಆಸೆಯೇ ಹಾಗೆ ಹೇಳಿಸುತ್ತಿದೆಯೋ ಏನೋ. ಹುಡುಗಿಯನ್ನು ಕೇಳಿದೆ.

"ಸುಳ್ಳು ಹೇಳಲ್ಲ ಅತ್ತೆ. ರಕ್ತ ನಿಂತಿರೋದು ಒಳ್ಳೇದು. ಆದ್ರೆ ಒಳಗಿನದ್ದು ಅಳೆದಾಗಲೇ ಗೊತ್ತಾಗೋದು."

ಸುಳ್ಳು ಹೇಳದಿದ್ದದ್ದು ಒಳ್ಳೆಯದಾಯಿತು. ನಾನಾದರೆ ಗಿರಾಕಿಗೆ ಹೇಳಿಬಿಡುತ್ತಿದ್ದೆ.

ಮಧ್ಯಾಹ್ನ ಇವರು ಪಕ್ಕದಲ್ಲಿ ಕೂತು, "ಹೋದರೂ ಏನಂತೆ, ನಾನೇನು ನಗಲ್ಲ ಕಣೇ" ಅಂದರು.

ನಾನು ನಕ್ಕಿದ್ದೆ. ನಾಲ್ಕು ವರ್ಷ, ಬಂದವರೆದುರಿಗೆಲ್ಲ.

ಬಟ್ಟಲಿನ ನೀರು ಬದಲಿಸಿ ಬಂದೆ. ಹಳೆಯದಾಗಿತ್ತು.

ಜೂನ್ 3, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕೊನೆಯದನ್ನೇ ಮೊದಲು ಬರೆದುಬಿಡುತ್ತೇನೆ.

ಹತ್ತು ಗಂಟೆಗೆ ಕುರ್ಚಿ ಏರಿದೆ. ಡಾಕ್ಟರಮ್ಮ ಅಳತೆ ಬರೆಯುವ ಪುಸ್ತಕವನ್ನು ತಾವು ಹಿಡಿದು, "ಇವತ್ತು ನೀನೇ ಅಳೆಯಮ್ಮ" ಎಂದು ಹುಡುಗಿಗೆ ಹೇಳಿದರು. ಅವಳು ಹಿಂದಿನ ದವಡೆಯಿಂದ ಶುರು ಮಾಡಿದಳು. ಎರಡು, ಎರಡು, ಮೂರು. ಹೊದಿಕೆಯ ಕೆಳಗೆ ನಾನು ಬೆರಳು ಮಡಿಚಿ ಎಣಿಸುತ್ತಾ ಹೋದೆ. ಆರು ಇದ್ದ ಹಲ್ಲಿಗೆ ಬಂದಳು. "ನಾಲ್ಕು." ನನ್ನ ಕಾಲು ತಾನಾಗೇ ಎಗರಿತು. "ಅಲ್ಲಾಡಬೇಡಿ ಅತ್ತೆ."

ಕೊನೆಗೆ ಏಳರದ್ದು. ಕಡ್ಡಿ ಇಳಿಸಿದಳು. ಏನೂ ಹೇಳಲಿಲ್ಲ. ಮತ್ತೆ ಇಳಿಸಿದಳು. ಮೂರನೆಯ ಸಲವೂ ಇಳಿಸಿದಳು. ಕಣ್ಣು ತೆರೆದು ನೋಡಿದೆ. ಮಾಸ್ಕಿನ ಮೇಲೆ ಅವಳ ಕಣ್ಣು ತುಂಬಿ ಬಂದಿತ್ತು. ಹೋಯಿತು ಎಂದುಕೊಂಡೆ. ಹೋಗಲಿ, ಅವಳು ಅಳದಿದ್ದರೆ ಸಾಕು, ಅವಳೇನು ಕಡಿಮೆ ಮಾಡಿದಳು ಎಂದುಕೊಂಡೆ. ಬಾಯಿ ತೆರೆದೇ ಇತ್ತು, ಹೇಳಲಾಗಲಿಲ್ಲ. ಅವಳ ಮುಂಗೈ ಹಿಡಿದೆ.

"ಐದು" ಎಂದಳು. "ಡಾಕ್ಟರ್, ಐದು. ಮೂರು ಸಲ ನೋಡ್ದೆ."

ಡಾಕ್ಟರಮ್ಮ ತಾವೂ ಒಮ್ಮೆ ಅಳೆದರು. "ಐದೇ. ಎಂಟು ವಾರಕ್ಕೆ ಇಷ್ಟು ಇಳಿದಿದ್ದು ಬಹಳ ಆಯ್ತು. ಎರಡೂ ಇರ್ತವೆ. ಮುಂದಿನ ವಾರ ಒಳಗಡೆಯಿಂದ ಪಕ್ಕದ ಹಲ್ಲುಗಳಿಗೆ ಸೇರಿಸಿ ಒಂದು ಸಣ್ಣ ತಂತಿ ಅಂಟಿಸ್ತೀನಿ. ಮೂರು ಮೂರು ತಿಂಗಳಿಗೆ ತೋರಿಸ್ತಾ ಇರಿ. ಇದು ಮುಗಿಯೋ ಕೆಲಸ ಅಲ್ಲ, ಗೊತ್ತಲ್ಲ?"

"ನಮ್ಮ ಯಾವ ಕೆಲಸ ಮುಗಿದಿದೆ, ಹೇಳಿ" ಎಂದೆ. ಆಮೇಲೆ ಏನೇನು ಮಾತಾಡಿದೆನೋ ನೆನಪಿಲ್ಲ. ಹೊರಗೆ ಕಾಯುತ್ತಿದ್ದವರಿಗೆಲ್ಲ ಏಳು ಐದಾದ ಕಥೆ ಹೇಳಿದೆನಂತೆ. ಒಬ್ಬ ಮುದುಕರಿಗೆ ಬ್ರಷ್ ಹಿಡಿಯುವುದನ್ನು ಪೆನ್ನಿನಲ್ಲಿ ತೋರಿಸಿಕೊಟ್ಟೆನಂತೆ.

ಮುಂಗೈ ಹಿಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಅವಳ ಬಿಳಿ ಕೋಟಿನ ತೋಳು ಎರಡು ಮಡಿಕೆ ಮಡಿಚಿತ್ತು. ನಿಂತಾಗ ನೋಡಿದರೆ ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿದೆ, ಬೆನ್ನಲ್ಲಿ ಗಾಳಿ ತುಂಬಿದ ಚೀಲ. ಅಂಗಡಿಯಿಂದ ತಂದ ರೆಡಿಮೇಡ್. ಹತ್ತು ಮೆಷಿನ್ನಿನ ಮನೆಯ ಹುಡುಗಿ ಇಂಥ ಕೋಟು ತೊಟ್ಟು ನಾಳೆ ಶಾಲೆಯ ಮಕ್ಕಳ ಮುಂದೆ ನಿಂತರೆ ನನ್ನ ಮರ್ಯಾದೆ ಏನಾಗಬೇಕು? ಅವಳ ಕೆಲಸ ಮುಗಿದು ಇಬ್ಬರೂ ಮನೆಗೆ ನಡೆಯುವಾಗ ಕೇಳಿದೆ.

"ಎಷ್ಟು ದಿನದಿಂದ ತೊಡ್ತಿದ್ದೀ ಇದನ್ನ?"

"ಮದುವೆಗೂ ಮುಂಚಿನಿಂದ."

"ಹೇಳೋಕೇನಾಗಿತ್ತು?"

ಅವಳು ಬೀದಿ ನೋಡುತ್ತಾ ನಡೆದಳು. "ನೀವು ಯಾವಾಗಲೂ ಕೆಲಸದಲ್ಲಿ ಇರ್ತಿದ್ರಿ ಅತ್ತೆ."

ಮನೆಗೆ ಬಂದವಳೇ ಅಳತೆ ಪುಸ್ತಕ ತೆರೆದೆ. ಹಳೆಯ ಅಳತೆ ಇರಬೇಕು ಎಂದು ಹುಡುಕಿದೆ. ಮಗನದಿದೆ, ಇವರದಿದೆ, ಕಾಜಾ ಅಕ್ಕನ ಮೊಮ್ಮಗಳದೂ ಇದೆ. ನಮ್ಮ ಹುಡುಗಿಯದು ಇಲ್ಲ. ಬರೆಯುವುದನ್ನು ಯಾರೋ ಮರೆತಿದ್ದಾರೆ. ಆ ಪುಸ್ತಕ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋದದ್ದೇ ಇಲ್ಲ.

"ನೆಟ್ಟಗೆ ನಿಂತ್ಕೋ" ಎಂದು ಟೇಪು ಹಿಡಿದೆ. ಉಸಿರು ಬಿಗಿಹಿಡಿದು ನಿಂತಿದ್ದಳು. ಉಸಿರಾಡು, ಇಲ್ಲದಿದ್ದರೆ ಎದೆ ಬಿಗಿಯಾಗುತ್ತೆ ಎಂದೆ.

ಹೊಸ ಹಾಳೆಯಲ್ಲಿ ಬರೆದದ್ದು: ಭುಜ ಹದಿನಾಲ್ಕೂವರೆ. ತೋಳು ಇಪ್ಪತ್ತೊಂದು. ಎದೆ ಮೂವತ್ತನಾಲ್ಕು. ಉದ್ದ ಮೂವತ್ತೆಂಟು. ಜೇಬು ಎರಡು, ದೊಡ್ಡವು.

ಹೊಸ ಕೋಟಿನ ಬಟ್ಟೆ ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು ನೀರಲ್ಲಿ ನೆನೆಸಿಟ್ಟಿದ್ದೇನೆ. ನಾಳೆ ಒಣಗಿದ ಮೇಲೆ ಕತ್ತರಿಸುವುದು ನಾನೇ. ಮಗನ ಕೈಗೆ ಕೊಡುವುದಿಲ್ಲ.